ಮಂತ್ರಕ್ಕೂ ಒಂದು ಖರ್ಚಿನ ಕಾಲಂ

ಮಕ್ಕಳೇ, ಈ ವಾರ ಹೊಸ ಮಂತ್ರ ಬರೆಯುವುದು ಹೇಗೆ ಎಂದು ನೋಡೋಣ. ಮನೆಯ ಹಿರಿಯರು ಗಾಬರಿಯಾಗುವುದು ಬೇಡ. ನಿಂಬೆಹಣ್ಣು, ಕುಂಕುಮ ಏನೂ ಬೇಕಿಲ್ಲ. ಒಂದು ಪೆನ್ಸಿಲ್, ಒಂದು ರಬ್ಬರ್, ಆರು ಮುಖದ ಒಂದಷ್ಟು ದಾಳ, ಇಪ್ಪತ್ತು ಮುಖದ ಒಂದು ದಾಳ ಇದ್ದರೆ ಸಾಕು. ಶೇಕಡಾ ಲೆಕ್ಕ ಬರುವ ಒಬ್ಬರು ಮನೆಯಲ್ಲಿದ್ದರೆ ಇನ್ನೂ ಅನುಕೂಲ.

ನಾನು ಹೇಳುತ್ತಿರುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಮಂತ್ರಗಳ ಬಗ್ಗೆ. ಗೊತ್ತಿಲ್ಲದವರಿಗೆ ಎರಡು ಮಾತು. ಇದಕ್ಕೆ ಚೌಕಾಬಾರದ ಹಾಗೆ ಮನೆಗಳಿರುವ ಹಲಗೆ ಬೇಕೆಂದಿಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಅವನಿಗೆ ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ಕಥೆಯೊಳಗಿನ ಒಬ್ಬೊಬ್ಬ ಪಾತ್ರ: ಒಬ್ಬಳು ಕತ್ತಿ ಹಿಡಿದ ಯೋಧೆ, ಒಬ್ಬ ಮಾಂತ್ರಿಕ, ಇನ್ನೊಬ್ಬ ಬೀಗ ಒಡೆಯುವ ಕಳ್ಳ. ‘ಬಾಗಿಲಾಚೆ ಗೊರಕೆ ಕೇಳಿಸುತ್ತಿದೆ, ಏನು ಮಾಡುತ್ತೀರಿ?’ ಎಂದು ಮಾಸ್ಟರ್ ಕೇಳಿದರೆ ನೀವು ಹೇಳಬೇಕು. ಹೇಳಿದ್ದು ನಡೆಯುತ್ತದೋ ಇಲ್ಲವೋ ಎಂಬುದನ್ನು ಹೆಚ್ಚಿನ ಸಲ ದಾಳ ತೀರ್ಮಾನಿಸುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಇದು ಹೊರಬಂತು. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಂದು ಪೆಟ್ಟಿಗೆ, ಒಳಗೆ ಮೂರು ತೆಳು ಪುಸ್ತಕ, ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಇವತ್ತು ಮೈಸೂರಿನ ನಮ್ಮ ಬೀದಿಯ ಮಕ್ಕಳೂ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಆಡುತ್ತಾರೆ.

ಈ ಆಟಕ್ಕೆ ಮಂತ್ರ ಬಂದ ದಾರಿ ಸ್ವಾರಸ್ಯವಾಗಿದೆ. 1971ರಲ್ಲಿ ಗೈಗ್ಯಾಕ್ಸ್, ಜೆಫ್ ಪೆರೆನ್ ಎಂಬವರ ಜೊತೆ ಸೇರಿ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮ ಪುಸ್ತಕ ತಂದಿದ್ದರು. ಪುಟ್ಟ ಪುಟ್ಟ ಸೈನಿಕರ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಆಡುವ ಆಟ. ಅದರ ಜೊತೆಗಿದ್ದ ಕಾಲ್ಪನಿಕ ಭಾಗದಲ್ಲಿ ಮಾಂತ್ರಿಕನೂ ಇದ್ದ. ಅವನ ಬೆಂಕಿಯುಂಡೆಗೆ ದೊಡ್ಡ ಕವಣೆಯಂತ್ರದ ಅಳತೆ, ಅವನ ಸಿಡಿಲಿಗೆ ಫಿರಂಗಿಯ ಅಳತೆ! ಅಂದರೆ ಅಲ್ಲಿನ ಮಾಂತ್ರಿಕ ನಿಲುವಂಗಿ ತೊಟ್ಟ ತೋಪಖಾನೆ. ಮುಂದೆ ಈ ತೋಪನ್ನು ದಿನವಿಡೀ ಹಾರಿಸದಂತೆ ತಡೆಯಬೇಕಲ್ಲ? ಅದಕ್ಕೆ ಗೈಗ್ಯಾಕ್ಸ್ ಜ್ಯಾಕ್ ವ್ಯಾನ್ಸ್ ಎಂಬ ಲೇಖಕನ ಕಲ್ಪನೆಯನ್ನು ಎರವಲು ಪಡೆದರು. ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ‘ದಿ ಡೈಯಿಂಗ್ ಅರ್ಥ್’ ಕಥೆಗಳಲ್ಲಿ ಮಾಂತ್ರಿಕರು ಕೆಲವೇ ಕೆಲವು ಮಂತ್ರಗಳನ್ನು ಕಷ್ಟಪಟ್ಟು ತಲೆಯಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ. ಉಚ್ಚರಿಸಿದ ತಕ್ಷಣ ಅದು ಮರೆತುಹೋಗುತ್ತದೆ. ನಮಗೆ ಕರ್ಣ ನೆನಪಾಗುತ್ತಾನೆ, ಆದರೆ ಕರ್ಣನಿಗೆ ಅದು ಶಾಪ. ಇಲ್ಲಿ ಅದೇ ದಿನನಿತ್ಯದ ನಿಯಮ.

ಈಗಿನ ಆವೃತ್ತಿಯಲ್ಲಿ ಅದು ಸ್ವಲ್ಪ ಸಡಿಲವಾಗಿದೆ. ನಾನು ಮಕ್ಕಳಿಗೆ ಚೆಕ್ ಪುಸ್ತಕದ ಉದಾಹರಣೆ ಕೊಡುತ್ತೇನೆ. ಮೂರನೇ ಹಂತದ ಮಾಂತ್ರಿಕನ ಕೈಯಲ್ಲಿ ದಿನಕ್ಕೆ ಒಂದನೇ ದರ್ಜೆಯ ನಾಲ್ಕು ಹಾಳೆ, ಎರಡನೇ ದರ್ಜೆಯ ಎರಡು ಹಾಳೆ ಇರುತ್ತವೆ. ಇವಕ್ಕೆ ಸ್ಪೆಲ್ ಸ್ಲಾಟ್ ಎಂದು ಹೆಸರು. ಒಂದು ಮಂತ್ರ ಹಾಕಿದರೆ ಒಂದು ಹಾಳೆ ಹರಿದಂತೆ. ದೊಡ್ಡ ಹಾಳೆಯನ್ನು ಸಣ್ಣ ಮಂತ್ರಕ್ಕೆ ಬಳಸಬಹುದು, ಸಣ್ಣ ಹಾಳೆ ದೊಡ್ಡ ಮಂತ್ರಕ್ಕೆ ನಡೆಯುವುದಿಲ್ಲ. ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದರೆ ಬೆಳಿಗ್ಗೆ ಹೊಸ ಪುಸ್ತಕ. ನಡುವೆ ಸ್ವಲ್ಪ ವಿಶ್ರಾಂತಿ ಪಡೆದರೆ ಒಂದೆರಡು ಹಾಳೆ ಹಿಂದೆ ಸಿಗುವ ಸೌಲಭ್ಯವೂ ಮಾಂತ್ರಿಕನಿಗೆ ಉಂಟು. ಅದನ್ನು ಸದ್ಯಕ್ಕೆ ಲೆಕ್ಕದಿಂದ ಬಿಡೋಣ.

ಅಚ್ಚಾದ ಪುಸ್ತಕದಲ್ಲಿ ಮುನ್ನೂರಕ್ಕೂ ಹೆಚ್ಚು ಮಂತ್ರಗಳಿದ್ದರೂ ಮಕ್ಕಳಿಗೆ ಸಾಲದು. ತಮ್ಮದೇ ಒಂದು ಬೇಕು. ಹೀಗೆ ಮನೆಯಲ್ಲೇ ತಯಾರಾದ ನಿಯಮಕ್ಕೆ ಆಡುವವರು ಹೋಮ್‌ಬ್ರೂ ಎನ್ನುತ್ತಾರೆ. ಅಂಗಡಿಯ ಉಪ್ಪಿನಕಾಯಿಗಿಂತ ಮನೆಯದೇ ರುಚಿ ಎಂಬುದರಲ್ಲಿ ನನಗೂ ಸಂಶಯವಿಲ್ಲ. ಉಪ್ಪು ಎಷ್ಟು ಎಂಬುದೇ ಪ್ರಶ್ನೆ.

ನನ್ನ ಮೊಮ್ಮಗನಿಗೆ ಹದಿಮೂರು. ಅವನ ಪಾತ್ರ ಮೂರನೇ ಹಂತದ ಮಾಂತ್ರಿಕ. ದಸರಾ ರಜೆಯಲ್ಲಿ ಅವನು ‘ಶಿಲಾಶಾಪ’ ಎಂಬ ಮಂತ್ರ ಬರೆದ. ಎರಡು ಪುಟ, ಬಣ್ಣದ ಚಿತ್ರದ ಸಮೇತ. ಒಂದನೇ ದರ್ಜೆಯ ಮಂತ್ರ. ಅರವತ್ತು ಅಡಿ ದೂರದೊಳಗೆ ಯಾರ ಕಡೆಗಾದರೂ ಕೈ ತೋರಿಸಿದರೆ ಅವರು ಒಂದು ನಿಮಿಷ ಕಲ್ಲಿನಂತೆ ನಿಂತುಬಿಡುತ್ತಾರೆ. ಮಾಸ್ಟರ್ ಆಗಿದ್ದ ಪಿ.ಯು. ಹುಡುಗ ಚಿತ್ರ ನೋಡಿ ಮೆಚ್ಚಿ, ‘ಸರಿ, ನಡೆಯುತ್ತೆ’ ಎಂದ. ಅದೇ ವಾರ ಸೇತುವೆ ಕಾಯುವ ದೈತ್ಯ ಬಂದ, ಕಲ್ಲಾದ. ಮುಂದಿನ ವಾರ ಡಕಾಯಿತರ ನಾಯಕ ಬಂದ, ಅವನೂ ಕಲ್ಲಾದ. ಮೂರನೇ ವಾರ ಯೋಧೆಯ ಪಾತ್ರ ಮಾಡುವ ಎದುರುಮನೆ ಹುಡುಗಿ ಬರಲಿಲ್ಲ. ಹೊಟ್ಟೆನೋವಂತೆ. ನಾಲ್ಕನೇ ವಾರ ಟ್ಯೂಷನ್ ಅಂತೆ. ಭಾನುವಾರ ಮಧ್ಯಾಹ್ನ ಯಾವ ಟ್ಯೂಷನ್? ಸಂಜೆ ಹಾಲಿನ ಬೂತಿನ ಹತ್ತಿರ ಸಿಕ್ಕಾಗ ಕೇಳಿದೆ. ‘ಅವನೊಬ್ಬನಿದ್ದರೆ ಸಾಕಲ್ಲ ತಾತ, ನಾನ್ಯಾಕೆ?’ ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಸುಮ್ಮನೆ, ಇದ್ದದ್ದನ್ನು ಇದ್ದಂತೆ ಹೇಳಿದಳು.

ಮೊಮ್ಮಗನಿಗೆ ಇದು ಅರ್ಥವಾಗಲೇ ಇಲ್ಲ. ‘ನಾನು ಎಲ್ಲರನ್ನೂ ಗೆಲ್ಲಿಸಿದೆನಲ್ಲ ತಾತ!’ ಎಂದ. ಅವನ ಮಟ್ಟಿಗೆ ಅದು ನಿಜವೇ. ಅವರಿಬ್ಬರೂ ಒಂದನೇ ಕ್ಲಾಸಿನಿಂದ ಜೊತೆಗೆ ಬೆಳೆದವರು. ಅವಳು ಬಾರದ ಭಾನುವಾರ ಇವನು ಮೂರು ಸಲ ಗೇಟಿನವರೆಗೆ ಹೋಗಿ ಬಂದ. ಬಣ್ಣ ಹಾಕಿ ಬರೆದ ಮಂತ್ರವನ್ನು ಹರಿದು ಬಿಸಾಡು ಎಂದರೆ ಅವನಿಗೆ ನೋವು. ಹಾಗೇ ಇಟ್ಟುಕೋ ಎಂದರೆ ಅವಳಿಗೆ. ಇಂಥ ಹೊತ್ತಿನಲ್ಲಿ ದೊಡ್ಡವರು ಬುದ್ಧಿವಾದ ಹೇಳಲು ಹೋಗುತ್ತಾರೆ. ನನಗೆ ಬರುವುದು ಲೆಕ್ಕ. ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದೆ.

ಹೊಸ ಮಂತ್ರ ಬರೆಯುವಾಗ ಮೊದಲು ಮಾಡಬೇಕಾದದ್ದು ಅದರ ಹತ್ತಿರದ ನೆಂಟನನ್ನು ಪುಸ್ತಕದಲ್ಲಿ ಹುಡುಕುವುದು. ಬ್ಯಾಂಕಿನಲ್ಲೂ ಹೊಸ ಅರ್ಜಿ ಬಂದರೆ ಹಿಂದೆ ಇಂಥದ್ದಕ್ಕೆ ಏನು ಮಾಡಿದ್ದರು ಎಂದು ಹಳೆಯ ಫೈಲು ನೋಡುತ್ತಿದ್ದೆವು. ಶಿಲಾಶಾಪದ ನೆಂಟ ‘ಹೋಲ್ಡ್ ಪರ್ಸನ್’. ಅದೂ ಅರವತ್ತು ಅಡಿ, ಅದೂ ಹೆಚ್ಚೆಂದರೆ ಒಂದು ನಿಮಿಷ, ಅದೂ ಎದುರಾಳಿಯನ್ನು ಅಲುಗಾಡದಂತೆ ನಿಲ್ಲಿಸುತ್ತದೆ. ಆದರೆ ಅದು ಎರಡನೇ ದರ್ಜೆ. ಮನುಷ್ಯರಂಥವರ ಮೇಲೆ ಮಾತ್ರ ನಡೆಯುತ್ತದೆ, ದೈತ್ಯನ ಮೇಲಿಲ್ಲ. ಮಾಂತ್ರಿಕ ಅದರ ಮೇಲೆ ಏಕಾಗ್ರತೆ ಇಟ್ಟಿರಬೇಕು. ಆ ಹೊತ್ತಿನಲ್ಲಿ ಏಕಾಗ್ರತೆ ಬೇಡುವ ಇನ್ನೊಂದು ಮಂತ್ರ ಹಿಡಿಯುವಂತಿಲ್ಲ, ಅವನಿಗೆ ಪೆಟ್ಟು ಬಿದ್ದರೆ ಹಿಡಿತ ತಪ್ಪಿಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಎದುರಾಳಿಗೆ ‘ಸೇವಿಂಗ್ ಥ್ರೋ’ ಉಂಟು. ನಲವತ್ತು ವರ್ಷ ಸೇವಿಂಗ್ಸ್ ಕೌಂಟರಿನಲ್ಲಿ ಕೂತ ನನಗೆ ಈ ಹೆಸರು ಕೇಳಿ ಖುಷಿಯಾಯಿತು. ಅರ್ಥ ಬೇರೆ: ಮಂತ್ರದಿಂದ ತಪ್ಪಿಸಿಕೊಳ್ಳಲು ದಾಳ ಉರುಳಿಸುವ ಹಕ್ಕು. ಹೋಲ್ಡ್ ಪರ್ಸನ್‌ನಲ್ಲಿ ಮೊದಲು ಒಂದು ಸಲ, ಆಮೇಲೆ ಪ್ರತಿ ಸರದಿಯ ಕೊನೆಗೆ ಒಂದೊಂದು ಸಲ.

ಈಗ ಅಂಕಿ ಹಾಕೋಣ. ನಮ್ಮ ಹುಡುಗನ ಮಂತ್ರದಿಂದ ತಪ್ಪಿಸಿಕೊಳ್ಳಲು ಬೇಕಾದ ಸಂಖ್ಯೆ ಹೀಗೆ ಬರುತ್ತದೆ: 8, ಅದಕ್ಕೆ ಅವನ ಅನುಭವದ 2, ಬುದ್ಧಿಶಕ್ತಿಯ 3, ಒಟ್ಟು 13. ವಿಶೇಷ ಮನೋಬಲ ಇಲ್ಲದ ಎದುರಾಳಿ ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಹೆಚ್ಚು ತರಬೇಕು. 13ರಿಂದ 20ರವರೆಗೆ ಎಂಟು ಮುಖ. ತಪ್ಪಿಸಿಕೊಳ್ಳುವ ಸಾಧ್ಯತೆ ಶೇ 40, ಸಿಕ್ಕಿಬೀಳುವುದು ಶೇ 60. ಮೊದಲ ಸರದಿ ಕಳೆದುಕೊಳ್ಳುವ ಸಾಧ್ಯತೆ 0.6. ಎರಡನೆಯದನ್ನೂ ಕಳೆದುಕೊಳ್ಳಲು ಮತ್ತೊಮ್ಮೆ ಸೋಲಬೇಕು, 0.36. ಮೂರನೆಯದು 0.216. ಹೀಗೆ ಕೂಡುತ್ತಾ ಹೋದರೆ ಮೊತ್ತ ಸುಮಾರು ಒಂದೂವರೆಗೆ ನಿಲ್ಲುತ್ತದೆ. ಅಂದರೆ ಹೋಲ್ಡ್ ಪರ್ಸನ್ ಸರಾಸರಿ ಶತ್ರುವಿನ ಒಂದೂವರೆ ಸರದಿ ನುಂಗುತ್ತದೆ.

ಶಿಲಾಶಾಪ? ಆಟದಲ್ಲಿ ಒಂದು ಸುತ್ತಿಗೆ ಆರು ಸೆಕೆಂಡು. ಒಂದು ನಿಮಿಷಕ್ಕೆ ಹತ್ತು ಸುತ್ತು. ತಪ್ಪಿಸಿಕೊಳ್ಳುವ ದಾಳವೇ ಇಲ್ಲ, ಹಾಗಾಗಿ ಹತ್ತಕ್ಕೆ ಹತ್ತೂ ಹೋಯಿತು. ನಮ್ಮ ಮೇಜಿನ ಮೇಲೆ ಒಂದು ಕಾಳಗ ಮೂರು ನಾಲ್ಕು ಸುತ್ತಿಗೆ ಮುಗಿಯುವುದನ್ನು ನೋಡಿದ್ದೇನೆ. ಹತ್ತು ಎಂದರೆ ಪೂರ್ತಿ ಕಾಳಗ ಎಂದೇ ಅರ್ಥ. ಇನ್ನು ದಿನದ ಲೆಕ್ಕ. ಎರಡನೇ ದರ್ಜೆಯ ಎರಡು ಹಾಳೆಯಿಂದ ಹೋಲ್ಡ್ ಪರ್ಸನ್ ಹಾಕಿದರೆ ಮೂರು ಸರದಿ. ಒಂದನೇ ದರ್ಜೆಯ ನಾಲ್ಕು ಹಾಳೆಯಿಂದ ಶಿಲಾಶಾಪ ಹಾಕಿದರೆ ನಲವತ್ತು. ಅದೂ ದೊಡ್ಡ ಹಾಳೆಗಳನ್ನು ಮುಟ್ಟದೆ.

ಹುಡುಗ ಹಾಳೆಯನ್ನೇ ನೋಡುತ್ತಾ ಕೂತ. ‘ನಲವತ್ತಾ?’ ಎಂದ. ಬೈದಿದ್ದರೆ ವಾದ ಮಾಡುತ್ತಿದ್ದ. ಅಂಕಿಯ ಜೊತೆ ವಾದ ಮಾಡಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆರು ಮಂದಿ ಪುಂಡರ ಗುಂಪು ಬಂದಾಗ ಒಬ್ಬನನ್ನು ಕಲ್ಲಾಗಿಸಿದರೆ ಆರರಲ್ಲಿ ಒಂದು ಪಾಲು ಕಡಿಮೆಯಾಯಿತು, ಅಷ್ಟೆ. ಒಬ್ಬನೇ ದೈತ್ಯ ಬಂದಾಗ ಅವನನ್ನು ಕಲ್ಲಾಗಿಸಿದರೆ ಎಲ್ಲವೂ ಹೋಯಿತು. ಒಂದೇ ಮಂತ್ರ, ಬೆಲೆ ಬೇರೆ. ಈ ಆಟದಲ್ಲಿ ಸರದಿಯೇ ನಗದು. ಆಟ ಮಾಡಿದವರಿಗೂ ಇದು ಗೊತ್ತು. ಅದಕ್ಕೇ ಅವರು ಹಳೆಯ ಡ್ರ್ಯಾಗನ್‌ಗಳಂಥ ದೊಡ್ಡ ಪ್ರಾಣಿಗಳಿಗೆ, ತಪ್ಪಿಸಿಕೊಳ್ಳುವ ದಾಳ ಸೋತರೂ ಗೆದ್ದಂತೆಂದು ದಿನಕ್ಕೆ ಕೆಲವು ಸಲ ಘೋಷಿಸುವ ಅಧಿಕಾರ ಕೊಟ್ಟಿದ್ದಾರೆ.

ಭಸ್ಮಾಸುರನ ವರವನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ತಲೆ ಮೇಲೆ ಕೈ ಇಟ್ಟರೆ ಬೂದಿ. ದಿನಕ್ಕೆ ಎಷ್ಟು ಸಲ ಎಂಬ ಮಿತಿ ಇಲ್ಲ, ತಪ್ಪಿಸಿಕೊಳ್ಳುವ ದಾಳ ಇಲ್ಲ, ಕೊಟ್ಟವನ ತಲೆಗೆ ನಡೆಯಬಾರದು ಎಂಬ ಷರತ್ತೂ ಇಲ್ಲ. ಕೈ ತಾಗುವಷ್ಟು ಹತ್ತಿರ ಹೋಗಬೇಕು ಎಂಬುದೊಂದೇ ಮಿತಿ. ಆಮೇಲೆ ಸರಿಪಡಿಸಲು ವಿಷ್ಣು ಮೋಹಿನಿಯಾಗಿ ಬಂದು ಕುಣಿಯಬೇಕಾಯಿತು. ಮೆಚ್ಚಿ ‘ನಡೆಯುತ್ತೆ’ ಎನ್ನುವ ಡಂಜನ್ ಮಾಸ್ಟರುಗಳೆಲ್ಲ ಈ ಕಥೆಯನ್ನು ಮತ್ತೊಮ್ಮೆ ಓದಬೇಕು.

ಪೆಟ್ಟು ಕೊಡುವ ಮಂತ್ರಗಳ ಲೆಕ್ಕ ಇದಕ್ಕಿಂತ ಸುಲಭ. ಆರು ಮುಖದ ದಾಳದ ಸರಾಸರಿ ಮೂರೂವರೆ, ಹತ್ತು ಮುಖದ್ದು ಐದೂವರೆ. 2014ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ಹೊಸ ಮಂತ್ರ ಬರೆಯುವವರಿಗೆಂದೇ ಒಂದು ಪಟ್ಟಿ ಇದೆ. ಒಂದನೇ ದರ್ಜೆಯಲ್ಲಿ ಒಬ್ಬನಿಗೆ ಪೆಟ್ಟಾದರೆ ಹತ್ತು ಮುಖದ ಎರಡು ದಾಳ, ಸರಾಸರಿ 11. ಹಲವರಿಗಾದರೆ ಆರು ಮುಖದ ಎರಡು, ಸರಾಸರಿ 7. ಮೂರನೇ ದರ್ಜೆಯಲ್ಲಿ ಹಲವರಿಗಾದರೆ ಆರು ಮುಖದ ಆರು, ಅಂದರೆ 21. ಇಷ್ಟು ಹೇಳಿದವರೇ ತಮ್ಮ ಮೂರನೇ ದರ್ಜೆಯ ‘ಫೈರ್‌ಬಾಲ್’ಗೆ ಎಂಟು ದಾಳ ಕೊಟ್ಟಿದ್ದಾರೆ, 28! ಮೂರರಲ್ಲೊಂದು ಪಾಲು ಹೆಚ್ಚುವರಿ. ಹಳೆಯ ತೋಪಖಾನೆಯ ವಂಶಸ್ಥ ಎಂಬ ಮಮತೆ ಇರಬೇಕು. ಆದರೆ ಫೈರ್‌ಬಾಲ್‌ಗೆ ತನ್ನವರು ಪರರು ಎಂಬ ಭೇದವಿಲ್ಲ. ಇಪ್ಪತ್ತಡಿ ತ್ರಿಜ್ಯದೊಳಗೆ ಗೆಳೆಯ ನಿಂತಿದ್ದರೆ ಅವನಿಗೂ ಬಿಸಿ ತಾಗುತ್ತದೆ. ನೀವು ಮಂತ್ರ ಬರೆಯುವಾಗ ಫೈರ್‌ಬಾಲನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಮದುವೆಮನೆಯ ಹೋಳಿಗೆ ನೋಡಿ ಮನೆಯ ದಿನದ ಅಡುಗೆ ಅಳೆದ ಹಾಗಾಗುತ್ತದೆ.

ಮಕ್ಕಳು ಖರ್ಚಿನ ಕಾಲಂ ತುಂಬುವ ರೀತಿ ನೋಡಿದರೆ ನನಗೆ ಕೆಲವು ಗ್ರಾಹಕರು ನೆನಪಾಗುತ್ತಾರೆ. ‘ಈ ಮಂತ್ರ ಹಾಕಿದವನ ಕೂದಲು ಒಂದು ದಿನ ನೀಲಿಯಾಗುತ್ತದೆ’ ಎಂದು ಬರೆದು, ಅದಕ್ಕಾಗಿ ಇನ್ನೆರಡು ದಾಳ ಕೊಡಿ ಎನ್ನುತ್ತಾರೆ. ನೀಲಿ ಕೂದಲಿನಿಂದ ಯಾರಿಗೆ ಏನು ನಷ್ಟ? ಬೇಕೆಂದೇ ಬಣ್ಣ ಹಾಕಿಸಿಕೊಳ್ಳುವ ಕಾಲ ಇದು. ಈ ತಮಾಷೆ ದೊಡ್ಡವರಿಗೂ ಆಗಿದೆ. ‘ಹೇಸ್ಟ್’ ಎಂಬ ಮಂತ್ರ ಗೆಳೆಯನನ್ನು ಮಿಂಚಿನಂತೆ ಓಡಿಸುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದರ ಬೆಲೆ ಏನೆಂದರೆ, ಹಾಕಿಸಿಕೊಂಡವನಿಗೆ ಒಮ್ಮೆಲೇ ಒಂದು ವರ್ಷ ವಯಸ್ಸಾಗುತ್ತದೆ. ಎಪ್ಪತ್ತು ದಾಟಿದ ನನಗೆ ಅದು ಭಾರೀ ಬೆಲೆ. ಇಪ್ಪತ್ತರ ಯೋಧನಿಗೆ, ಅದೂ ಕಾಗದದ ಮೇಲಿನ ಯೋಧನಿಗೆ, ಏನೂ ಅಲ್ಲ. 2014ರ ಆವೃತ್ತಿಯಲ್ಲಿ ಬೆಲೆ ಬದಲಾಗಿದೆ: ಮಂತ್ರ ಮುಗಿದ ಕೂಡಲೇ ಓಡಿದವನು ಸುಸ್ತಾಗಿ ಒಂದು ಸರದಿ ಏನೂ ಮಾಡಲಾರ. ಅದು ಆಟದ ಮೇಜಿನ ಮೇಲೆ, ಎಲ್ಲರ ಕಣ್ಣೆದುರು, ಅವತ್ತೇ ಕಟ್ಟಬೇಕಾದ ಬೆಲೆ. ನನ್ನ ಲೆಕ್ಕದಲ್ಲಿ ಇದೇ ಸರಿಯಾದ ಖರ್ಚು.

ಹಾಗೆಂದು ಷರತ್ತುಗಳನ್ನು ಪೇರಿಸಬೇಡಿ. ಹದಿನಾಲ್ಕು ಷರತ್ತಿನ ಮಂತ್ರವೂ ಸಾಲದ ಅರ್ಜಿಯ ಹಿಂಬದಿಯ ಸಣ್ಣ ಅಕ್ಷರವೂ ಒಂದೇ, ಯಾರೂ ಓದುವುದಿಲ್ಲ. ಜೋರಾಗಿ ಓದಿದರೆ ಒಂದೇ ಉಸಿರಿನಲ್ಲಿ ಅಲ್ಲದಿದ್ದರೂ ಎರಡು ಉಸಿರಿನಲ್ಲಿ ಮುಗಿಯಬೇಕು.

ಶಿಲಾಶಾಪಕ್ಕೆ ಬರೋಣ. ಎರಡು ದಾರಿ ಇತ್ತು. ದರ್ಜೆ ಏರಿಸಬಹುದು, ಆದರೆ ಹುಡುಗ ಈಗಲೇ ಬಳಸಬೇಕು ಎನ್ನುತ್ತಾನೆ. ಇಲ್ಲವೇ ಬಲ ಇಳಿಸಬಹುದು. ಇನ್ನೊಬ್ಬ ನೆಂಟನನ್ನು ಹುಡುಕಿದೆವು. ಒಂದನೇ ದರ್ಜೆಯಲ್ಲೇ ‘ಎಂಟ್ಯಾಂಗಲ್’ ಎಂಬುದಿದೆ: ನೆಲದಿಂದ ಬಳ್ಳಿ ಎದ್ದು ಶತ್ರುಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಅವರು ಜಾಗ ಬಿಟ್ಟು ಕದಲಲಾರರು, ಆದರೆ ಕೈ ಬೀಸಬಲ್ಲರು. ಹಾಗಾದರೆ ಪೂರ್ತಿ ಕಲ್ಲಾಗುವುದರ ಬದಲು ಮೊಣಕಾಲಿನವರೆಗೆ ಕಲ್ಲಾದರೆ? ಒಬ್ಬನೇ ಎದುರಾಳಿ, ತಪ್ಪಿಸಿಕೊಳ್ಳುವ ದಾಳ ಮೊದಲೊಮ್ಮೆ ಮತ್ತು ಪ್ರತಿ ಸರದಿಯ ಕೊನೆಗೆ, ಮಾಂತ್ರಿಕನ ಏಕಾಗ್ರತೆ ಬೇಕು. ಹುಡುಗ ಚಿತ್ರದಲ್ಲಿ ದೈತ್ಯನ ಮೇಲ್ಭಾಗವನ್ನು ರಬ್ಬರಿನಿಂದ ಉಜ್ಜಿ ಮತ್ತೆ ಬಣ್ಣ ಹಾಕಿದ. ಮುಖದಲ್ಲಿ ಸಿಟ್ಟು ಬರೆದ. ಮೊದಲಿನದಕ್ಕಿಂತ ಚಿತ್ರ ಚೆನ್ನಾಗಿ ಬಂತು ಎಂದು ನಮ್ಮಾಕೆ ಅಡುಗೆಮನೆಯಿಂದ ಬಂದು ನೋಡಿ ಹೇಳಿದಳು.

ಇದರಲ್ಲಿ ಒಂದು ಲಾಭವಿತ್ತು. ಕಾಲು ಕಟ್ಟಿದವನ ಮೇಲೆ ಬೀಳುವವರು ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಗುರಿ ಮುಟ್ಟುವ ಸಾಧ್ಯತೆ ಅರ್ಧಕ್ಕರ್ಧ ಇದ್ದರೆ ಅದು ಮುಕ್ಕಾಲಾಗುತ್ತದೆ. ಹಾಗೆ ಹತ್ತಿರ ಹೋಗಿ ಬೀಳುವವರು ಯಾರು? ಕತ್ತಿ ಹಿಡಿದವಳು. ಹುಡುಗ ಇದನ್ನು ತಾನೇ ಕಂಡುಕೊಂಡ. ‘ತಾತ, ಹಾಗಾದ್ರೆ ನಾನು ಹಾಕಿದ್ಮೇಲೆ ಅವಳೇ ಹೊಡೀಬೇಕು!’ ಎಂದು ಎದ್ದು ನಿಂತ. ಹಾಳೆ ಹಿಡಿದುಕೊಂಡು, ಚಪ್ಪಲಿಯನ್ನೂ ಹಾಕದೆ, ಎದುರುಮನೆಗೆ ಓಡಿದ. ಅಲ್ಲಿ ಏನು ಮಾತಾಯಿತೋ, ನಾನು ಕೇಳಲಿಲ್ಲ. ಮುಂದಿನ ಭಾನುವಾರ ಅವಳಿಗೆ ಹೊಟ್ಟೆನೋವು ಇರಲಿಲ್ಲ.

ಈ ಹೊಸ ರೂಪವೂ ಇನ್ನೂ ಪೆನ್ಸಿಲಿನಲ್ಲಿದೆ. ಮೂರು ಭಾನುವಾರ ಆಡಿದ ಮೇಲೆ ಇಂಕು ಎಂದು ಐದೂ ಜನ ಒಪ್ಪಿದ್ದಾರೆ. ಪ್ರತಿ ಸಲ ಎರಡು ವಿಷಯ ಬರೆದಿಡುತ್ತೇವೆ: ಮಂತ್ರ ಎಷ್ಟು ಸರದಿ ನುಂಗಿತು, ಆ ಕಾಳಗದಲ್ಲಿ ಏನೂ ಮಾಡಲು ಸಿಗದೆ ಕೂತವರು ಯಾರು. ಎರಡನೆಯದು ಯಾವ ಪುಸ್ತಕದ ಪಟ್ಟಿಯಲ್ಲೂ ಇಲ್ಲ, ನಾನು ಸೇರಿಸಿದ್ದು. ಬದಲಾಯಿಸುವುದರಲ್ಲಿ ಅವಮಾನವೇನಿಲ್ಲ. ಗಾಯ ವಾಸಿ ಮಾಡುವ ‘ಕ್ಯೂರ್ ವೂಂಡ್ಸ್’ ಮಂತ್ರಕ್ಕೆ 2014ರಲ್ಲಿ ಎಂಟು ಮುಖದ ಒಂದು ದಾಳ ಕೊಟ್ಟಿದ್ದವರೇ 2024ರ ಪುಸ್ತಕದಲ್ಲಿ ಎರಡು ಮಾಡಿದ್ದಾರೆ. ಪುಸ್ತಕ ದುಬಾರಿ ಎನ್ನುವ ತಂದೆತಾಯಂದಿರಿಗೆ ಒಂದು ಮಾತು: ಆಟದ ಮೂಲ ನಿಯಮಗಳ ದೊಡ್ಡ ಭಾಗವನ್ನು ಪ್ರಕಾಶಕರೇ 2023ರಲ್ಲಿ ಎಲ್ಲರೂ ಬಳಸುವಂತೆ ಮುಕ್ತವಾಗಿ ಬಿಟ್ಟಿದ್ದಾರೆ, ಶುರು ಮಾಡಲು ಅಷ್ಟು ಸಾಕು.

ಯೋಧೆ ಈಗ ತಾನೂ ಒಂದು ಬರೆದಿದ್ದಾಳೆ. ಎಸೆದರೆ ತಾನಾಗಿ ಕೈಗೆ ಹಿಂದಿರುಗುವ ಕೊಡಲಿ. ಬೆಲೆಯ ಕಾಲಂ ಖಾಲಿ ಬಿಟ್ಟು, ‘ತಾತ, ನೀವೇ ತುಂಬಿ’ ಎಂದು ನೋಟ್‌ಬುಕ್ ಕೊಟ್ಟು ಹೋದಳು. ನಾನು ತುಂಬಿಲ್ಲ. ‘ಹಿಂದಿರುಗುವ ದಾರಿಯಲ್ಲಿ ಗೆಳೆಯ ಅಡ್ಡ ನಿಂತಿದ್ದರೆ?’ ಎಂದು ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದು ವಾಪಸ್ ಕಳಿಸಿದ್ದೇನೆ.